ಸಂತೇಪೇಟೆ ಎಣಿಸಿದ ರಾಕೆಟ್ಟು

ನಾನು ಬಿ.ಎಸ್ಸಿ. ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಸೋದರಮಾವ ಸಿದ್ದೇಗೌಡರು. ಕೋಪದಿಂದ ಹೇಳಿದ್ದಲ್ಲ. ಈ ವರ್ಷ ಹುರುಳಿಯ ರೇಟು ಮೇಲೇಳುವುದಿಲ್ಲ ಎಂದು ಹೇಳುವಷ್ಟೇ ಸಮಾಧಾನದಿಂದ, ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸುತ್ತ, "ಮನುಸ ಬೇಕಾರೆ ಚಂದ್ರನ ಮ್ಯಾಲೆ ಇಳ್ದಾನು, ನಮ್ ಜಯಮ್ಮ ಡಿಗ್ರಿ ತಗಳಾದು ಮಾತ್ರ ಆಗೋ ಕೆಲ್ಸ ಅಲ್ಲ ಕಣ್ ತಾಯಮ್ಮ" ಎಂದು ನಮ್ಮವ್ವನಿಗೆ ತೀರ್ಪು ಕೊಟ್ಟಿದ್ದರು. ಮೊನ್ನೆ ಮನುಷ್ಯ ನಿಜವಾಗಿಯೂ ಚಂದ್ರನ ಮೇಲೆ ಇಳಿದ. ಆ ಸುದ್ದಿ ರೇಡಿಯೋದಲ್ಲಿ ಬರುವ ಹೊತ್ತಿಗೆ ನಾನು ಡಿಗ್ರಿ ತೆಗೆದುಕೊಂಡು, ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳತೊಡಗಿ ವರ್ಷಗಳೇ ಆಗಿದ್ದವು. ನಮ್ಮಿಬ್ಬರಲ್ಲಿ ಮೊದಲು ಮುಟ್ಟಿದವಳು ನಾನು, ಚಂದ್ರನವನು ಆಮೇಲೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪಡೆದದ್ದನ್ನು ವಿನಯದಿಂದ ಮುಚ್ಚಿಡುವುದು ಮೊದಲಿನಿಂದ ಇದ್ದವರ ಮನೆಯ ಮರ್ಯಾದೆ. ನಮ್ಮ ಮನೆಗೆ ಅದಿನ್ನೂ ಬಂದಿಲ್ಲ.

ಮಾವನದು ಸಂತೇಪೇಟೆಯಲ್ಲಿ ಧಾನ್ಯದ ಮಂಡಿ. ಕಡಕೊಳದ ನಮ್ಮ ಚೂರು ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ಒಂದು ಕುಟುಂಬಕ್ಕೆ ಸಾಲದಾದಾಗ ಅಪ್ಪ ಪುಟ್ಟಯ್ಯ ಅದೇ ಮಂಡಿಗೆ ಕಾಳು ಅಳೆಯುವ ಕೆಲಸಕ್ಕೆ ಬಂದ. ಮಂಡಿಯ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ನಾನು ಓದಿದ್ದು ಮೂಟೆಗಳ ಮೇಲೆ ಕೂತು, ಬರೆದದ್ದು ಮೂಟೆಗಳ ಮೇಲೆ ಸ್ಲೇಟು ಇಟ್ಟು, ಪುಸ್ತಕ ಕೊಡವಿದರೆ ಅಕ್ಷರಕ್ಕಿಂತ ಮೊದಲು ಅವರೆಹೊಟ್ಟು ಉದುರುತ್ತಿತ್ತು. ಹಿಂದಿನ ಕೋಣೆಯ ಹೆಂಗಸರ ಮಾತು ಮುಂದಿನ ಗಿರಾಕಿಗಳ ಕಿವಿಗೆ ಬೀಳಬಾರದೆಂಬುದು ಮಾವನ ಕಟ್ಟುಪಾಡು. ಹೀಗಾಗಿ ಓದು ಬಂದಷ್ಟು ಸುಲಭವಾಗಿ ನನಗೆ ಮಾತು ಬರಲಿಲ್ಲ.

ಅದರ ಫಲ ಸಿಕ್ಕಿದ್ದು ಕೊನೆಯ ವರ್ಷದ ಪರೀಕ್ಷೆಯಲ್ಲಿ. ಬರೆದದ್ದರಲ್ಲೆಲ್ಲ ಪಾಸಾದವಳು ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ, ಪರೀಕ್ಷಕರೆದುರು ಕೂತು ಬಾಯಲ್ಲಿ ಉತ್ತರ ಹೇಳಬೇಕಾದ ವೈವಾದಲ್ಲಿ, ಫೇಲಾಗಿ ಉಳಿದುಕೊಂಡೆ. ಉತ್ತರ ಗೊತ್ತಿತ್ತು, ನಂಬಿ. ಅದು ಎದೆಯಿಂದ ಗಂಟಲವರೆಗೆ ಕನ್ನಡದಲ್ಲಿ ಸಲೀಸಾಗಿ ಬಂದು, ಅಲ್ಲಿ ಇಂಗ್ಲಿಷಿನ ಸುಂಕದ ಕಟ್ಟೆಯಲ್ಲಿ ನಿಂತುಬಿಟ್ಟಿತು. ಮಾವ ಬೈಯಲಿಲ್ಲ. "ಇನ್ನೊಂದು ದಪ ಕುಂತ್ಕೊ. ಆಗ್ನಿಲ್ವಾ, ನರಸೀಪುರದಲ್ಲಿ ಗಂಡು ನೋಡಿವ್ನಿ, ಸುಮ್ಕೆ ತಾಳಿ ಕಟ್ಟುಸ್ಕೊ" ಎಂದರು. ಗಂಡಿನ ಮೇಲೆ ನನಗೆ ದ್ವೇಷವಿರಲಿಲ್ಲ. ಅವನನ್ನು ನೋಡಿಯೂ ಇರಲಿಲ್ಲ. ಆದರೆ ಮುಕ್ಕಾಲು ಹತ್ತಿದ ಮೆಟ್ಟಿಲಿನಿಂದ ಇಳಿದು ಮದುವೆಮನೆಗೆ ಹೋಗುವ ಮನಸ್ಸು ಯಾರಿಗಿರುತ್ತದೆ, ನೀವೇ ಹೇಳಿ.

ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಡಂ ಬಾನುಲಿಗೆ ಆಗೀಗ ವಿಜ್ಞಾನದ ನಾಟಕಗಳನ್ನು ಬರೆದುಕೊಡುತ್ತಿದ್ದರು. ನನ್ನನ್ನು ಕರೆದು, "ನಿನಗೆ ಬರದೇ ಇರೋದು ಭೌತಶಾಸ್ತ್ರ ಅಲ್ಲ ಕಣಮ್ಮ, ಬಾಯಿ ಬಿಡೋದು. ನಡಿ, ಮೈಕಿನ ಮುಂದೆ ನಿಲ್ಲಿಸ್ತೀನಿ. ಮೈಕು ಯಾರನ್ನೂ ಫೇಲು ಮಾಡಲ್ಲ" ಎಂದರು. ಹಾಗೆ ನಾನು ಚಂದ್ರಯಾನಕ್ಕೆ ಸೇರಿದ್ದು.

ಆ ಕಾಲವೇ ಹಾಗಿತ್ತು. ರಷ್ಯಾದವರು ಹಾರಿಬಿಟ್ಟ ಮೊದಲ ಉಪಗ್ರಹದ ಸುದ್ದಿಯನ್ನು ಪಾರ್ಕಿನ ರೇಡಿಯೋದಲ್ಲಿ ಕೇಳಿದ ಜನ, ಮನೆಗೆ ಹೋಗುವಾಗ ಚರಂಡಿ ನೋಡುವುದನ್ನು ಬಿಟ್ಟು ಆಕಾಶ ನೋಡುತ್ತ ನಡೆದಿದ್ದರು. ಅದರ ಬೆನ್ನಿಗೇ ಒಂದು ನಾಯಿ ಹೋಯಿತು. ಆಮೇಲೆ ಒಬ್ಬ ಮನುಷ್ಯ ಹೋಗಿ, ಭೂಮಿಗೆ ಒಂದು ಪ್ರದಕ್ಷಿಣೆ ಹಾಕಿ, ಇಳಿದು ಬಂದ. ಮಾವ ಮಾತ್ರ ಇದ್ಯಾವುದನ್ನೂ ಒಪ್ಪಲಿಲ್ಲ. "ಅಲ್ ಗಾಳಿನೇ ಇಲ್ವಂತೆ. ಮತ್ತೆ ಏನುನ್ನ ಒದ್ಕೊಂಡು ಮ್ಯಾಕೆ ಓಯ್ತದೆ? ಎಲ್ಲ ಪೇಪರ್ನೋರ ಬುರುಡೆ" ಎನ್ನುತ್ತಿದ್ದರು. ಪಶ್ಚಿಮದ ದೇಶಗಳಲ್ಲಿ ಆಕಾಶನೌಕೆಯ ಕಥೆಗಳನ್ನು ಟೆಲಿವಿಷನ್ ಎಂಬ ಪೆಟ್ಟಿಗೆಯಲ್ಲಿ ಕಣ್ಣಿಗೇ ತೋರಿಸುತ್ತಾರೆಂದು ಮೇಡಂ ಹೇಳುತ್ತಿದ್ದರು. ನಮಗಿದ್ದದ್ದು ಕಿವಿ ಮಾತ್ರ. ಆದರೆ ಕಿವಿಯನ್ನು ಬಡವನೆಂದು ತಿಳಿಯಬೇಡಿ. ಕಣ್ಣಿಗೆ ತೋರಿಸುವ ರಾಕೆಟ್ಟು ಪೆಟ್ಟಿಗೆಯಷ್ಟೇ ದೊಡ್ಡದು, ಕಿವಿಯ ರಾಕೆಟ್ಟಿಗೆ ಅಂಥ ಮಿತಿಯಿಲ್ಲ.

ನಮ್ಮ ರಾಕೆಟ್ಟು ವಾಸ್ತವದಲ್ಲಿ ಬಾನುಲಿ ನಿಲಯದ ಕ್ಯಾಂಟೀನಿನ ಪಂಪ್ ಸ್ಟವ್ ಆಗಿತ್ತು. ಸದ್ದುಗಳ ಉಸ್ತುವಾರಿಯ ನಂಜುಂಡಪ್ಪ ಅದನ್ನು ಮೈಕಿನ ಬದಿಗಿಟ್ಟುಕೊಂಡು, ಹೊರಡುವ ಹೊತ್ತಿಗೆ ಪಂಪು ಹೊಡೆದು ಭೋರ್ಗರೆಸುತ್ತಿದ್ದ. ಮೂವರು ಚಂದ್ರಲೋಕಕ್ಕೆ ಹೊರಡುವ ಕಥೆ. ನನ್ನದು ನೆಲದ ಮೇಲೆ ನಿಂತು ಅವರನ್ನು ಕಳಿಸಿಕೊಡುವ ಹುಡುಗಿಯ ಪಾತ್ರ. ಹತ್ತರಿಂದ ಒಂದರವರೆಗೆ ಹಿಂದಕ್ಕೆ ಎಣಿಸಬೇಕು, ಅಷ್ಟೇ. ಅಷ್ಟರಲ್ಲೇ ಕನ್ನಡ ತನ್ನ ಕುಚೋದ್ಯ ತೋರಿಸಿತು. ಮೊದಲ ತಾಲೀಮಿನಲ್ಲಿ ನಾನು "ಏಳು" ಎಂದೆ, ಸ್ಟವ್ ಎದ್ದಿತು. "ಆರು" ಎಂದೆ, ಆರಿಹೋಯಿತು.

"ಏನಮ್ಮ, ಏಳು ಅಂತೀಯ, ಎದ್ದ ತಕ್ಷಣ ಆರು ಅಂತೀಯ. ನನ್ ಸ್ಟವ್ವು ಯಾವ್ ಮಾತ್ ಕೇಳ್ಬೇಕು?" ಎಂದ ನಂಜುಂಡಪ್ಪ.

ನಾಟಕ ಆಡಿಸುತ್ತಿದ್ದವರನ್ನು ನಾವೆಲ್ಲ ಮೇಷ್ಟ್ರೇ ಎನ್ನುತ್ತಿದ್ದೆವು. ಅವರು ಗಂಭೀರವಾಗಿ, "ಆರನ್ನ ಸ್ವಲ್ಪ ಮೆತ್ತಗೆ ಹೇಳಮ್ಮ, ರಾಕೆಟ್ಟಿಗೆ ಕೇಳಿಸದ ಹಾಗೆ" ಎಂದರು.

ನಮ್ಮ ಎಣಿಕೆಗೆ ಹಿಂದಕ್ಕೆ ನಡೆದು ಅಭ್ಯಾಸವಿಲ್ಲ, ನೋಡಿ. ಮಗುವಿನ ತಿಂಗಳು, ಹಸುವಿನ ಸೂಲು, ಹೊಲದ ಸಾಲು ಎಲ್ಲವನ್ನೂ ಮುಂದಕ್ಕೇ ಎಣಿಸಿಕೊಂಡು ಬಂದವರು ನಾವು. ಕಡಿಮೆಯಾಗುತ್ತ ಆಗುತ್ತ ಇನ್ನೇನೂ ಇಲ್ಲವೆನ್ನುವಲ್ಲಿಗೆ ಬಂದಾಗ ಹೊರಡುವುದು ಹೊಸ ಶಾಸ್ತ್ರ. ಹೊಸದೆನ್ನುತ್ತೇನೆ, ಆದರೆ ಮನೆಯಲ್ಲಿ ಮೊದಲು ಓದಿದವರಿಗೆ ಇದು ಅಪರಿಚಿತವಲ್ಲ. ಹೇಳಿಕೊಡುವ ಅಣ್ಣನಿಲ್ಲ, ಹಳೆಯ ಪುಸ್ತಕ ಕೊಡುವ ಅಕ್ಕನಿಲ್ಲ, ಹೀಗೆ ಇಲ್ಲಗಳನ್ನೆಲ್ಲ ಎಣಿಸಿ ಮುಗಿದ ಮೇಲೆಯೇ ನಮ್ಮ ಬೆಂಕಿ ಹತ್ತಿಕೊಳ್ಳುವುದು.

ಆಗ ಆ ನಾಟಕಗಳು ನೇರ ಪ್ರಸಾರ; ಬಾಯಿಂದ ಬಿದ್ದದ್ದು ಬಿದ್ದಂತೆಯೇ ಊರಿಗೆ ಹೋಗುತ್ತಿತ್ತು. ಕೆಂಪು ದೀಪ ಹೊತ್ತಿಕೊಂಡಿತು. ನನ್ನ ಸರದಿ ಬಂದಾಗ ದನಿ ನಡುಗಲಿಲ್ಲ. ಏಳು ಎದ್ದಿತು, ಆರು ಯಾರಿಗೂ ಕೇಳಿಸದಂತೆ ದಾಟಿತು. ನಾಲ್ಕರ ಹೊತ್ತಿಗೆ ನನಗೆ ಖುಷಿಯಾಗತೊಡಗಿತ್ತು. ದನಿ ತನ್ನಷ್ಟಕ್ಕೆ ತಾನೇ ಅಪ್ಪ ಕಾಳು ಅಳೆಯುವ ರಾಗಕ್ಕೆ ತಿರುಗಿಕೊಂಡದ್ದು ತಿಳಿಯಲಿಲ್ಲ. ಮೂರು ಎಂದೆ. ಎರಡು ಎಂದೆ. ಮತ್ತೆ ಗಂಟಲು ತುಂಬಿ, ಎಳೆದು, "ಲಾಭ" ಎಂದುಬಿಟ್ಟೆ. ನಂಜುಂಡಪ್ಪ ಒಂದು ಗಳಿಗೆ ನನ್ನ ಮುಖ ನೋಡಿ, ಬೇರೆ ದಾರಿಯಿಲ್ಲದೆ ಪಂಪು ಹೊಡೆದ. ರಾಕೆಟ್ಟು ಹಾರಿತು.

ಕಾಳು ಅಳೆಯುವವರು "ಒಂದು" ಎನ್ನುವುದಿಲ್ಲವೆಂಬುದು ನಿಮಗೆ ಗೊತ್ತಿರಬಹುದು. ಮೊದಲ ಸೇರು ಸುರಿಯುವಾಗ ಅದು ಲಾಭ. ಆಮೇಲೆ ಎರಡು, ಮೂರು. ಒಂದು ಎಂದರೆ ಒಂಟಿ, ಒಂಟಿಯಿಂದ ಶುರುವಾದದ್ದು ತುಂಬುವುದು ಹೇಗೆ ಎಂಬ ಅಂಜಿಕೆಯೋ ಏನೋ. ಅಳುಕಿನ ಜಾಗದಲ್ಲಿ ಹಾರೈಕೆಯನ್ನು ಕೂರಿಸುವುದರಲ್ಲಿ ನಮ್ಮ ಜನ ನಿಸ್ಸೀಮರು. ಡಬ್ಬಿಯಲ್ಲಿ ಅಕ್ಕಿ ಮುಗಿದರೆ "ಅಕ್ಕಿ ತುಂಬಿದೆ" ಎನ್ನುತ್ತೇವೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹೊಸ್ತಿಲು ದಾಟುವವರು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತಾರೆ. ಆಕಾಶಕ್ಕೆ ಹೋದ ಆ ನಾಯಿಗೆ ಯಾರೂ "ಹೋಗಿ ಬಾ" ಎಂದಿರಲಾರರು. ಅದನ್ನು ಮರಳಿ ತರುವ ಏರ್ಪಾಡೇ ಇರಲಿಲ್ಲವಂತೆ. ವಿಜ್ಞಾನಕ್ಕೆ ಹಾರೈಕೆಯ ಅಗತ್ಯವಿಲ್ಲವೆಂದು ತರಗತಿಯಲ್ಲಿ ಹೇಳುವವಳು ನಾನೇ. ಆದರೂ ಹೊರಟವರು ಮರಳಿ ಬರಲಿ ಎಂಬ ಆಸೆ ಯಾರೋ ಒಬ್ಬರ ಮನಸ್ಸಿನಲ್ಲಿ ಮೊಳೆತ ಮೇಲಲ್ಲವೇ, ಮರಳಿ ತರುವ ಯಂತ್ರಕ್ಕೆ ಲೆಕ್ಕ ಹಾಕಿದ್ದು?

ಈ ತತ್ತ್ವವೆಲ್ಲ ಈಗ ಹೊಳೆಯುವುದು. ಅವತ್ತು ಸ್ಟುಡಿಯೋದಿಂದ ಹೊರಬಂದಾಗ ನನ್ನ ಕಣ್ಣಿಗೆ ಕಂಡದ್ದು ನರಸೀಪುರ ಒಂದೇ.

ಮಾವ ಸಂತೇಪೇಟೆಯ ವರ್ತಕರನ್ನೆಲ್ಲ ಕಟ್ಟಿಕೊಂಡು, ಪಾರ್ಕಿನ ರೇಡಿಯೋದ ಕೆಳಗೆ ಕೂತು ನಾಟಕ ಕೇಳಿದ್ದರು. ನಾನು ಮನೆ ಸೇರುವ ಹೊತ್ತಿಗೆ ಮಂಡಿಯಲ್ಲಿ ನಿಂತು ಸಿಡಿಯುತ್ತಿದ್ದರು. "ಮಂಡಿ ಮಾನ ತಗೊಂಡೋಗಿ ಆಕಾಸಕ್ಕೆ ಹರಾಜು ಹಾಕ್ಬುಟ್ಳು. ಪಾರ್ಕಲ್ ಜನ ಹೊಟ್ಟೆ ಹಿಡ್ಕೊಂಡ್ ನಗ್ತಾವ್ರೆ. ಎಂಗಪ್ಪಾ ಗೌಡ, ರಾಕೆಟ್ಟು ಸೇರಿಗೆಷ್ಟು ಅಂತ ನನ್ನೇ ಕೇಳ್ತಾವ್ರೆ. ಸಾಕು. ಪರೀಕ್ಸೆನೂ ಬ್ಯಾಡ ಏನೂ ಬ್ಯಾಡ. ನಾಳೆನೇ ನರಸೀಪುರಕ್ಕೆ ಹೇಳ್ ಕಳಿಸ್ತೀನಿ."

ಅವ್ವ ಒಳಗಿನ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಪ್ಪ ಮೂಟೆಯ ಬಾಯಿ ಹೊಲಿಯುತ್ತಿದ್ದ. ಭಾವನ ಎದುರು ಮಾತಾಡಿದವನಲ್ಲ. ಆಡುವ ಹಕ್ಕು ತನಗಿದೆಯೆಂದು ಅವನಿಗೆ ತೋರಿದ್ದೂ ಇಲ್ಲ. ದಬ್ಬಳವನ್ನು ಮೂಟೆಗೇ ಸಿಕ್ಕಿಸಿ, "ಭಾವ, ಬೇಜಾರ್ ಮಾಡ್ಕಬ್ಯಾಡಿ, ಒಂದ್ ಮಾತ್ ಕೇಳ್ತೀನಿ. ಬೆಳಿಗ್ಗೆ ಬೋಣಿ ಗಿರಾಕಿ ಬತ್ತನಲ್ಲ, ಅವನ್ಗೆ ಏನಂತ ಅಳೀಲಿ?" ಎಂದ.

"ಏನಂತ ಅಂದ್ರೆ? ಲಾಭ ಅಂತ."

"ಮತ್ತೆ ಮಗ ಅಂದದ್ರಲ್ಲಿ ಏನ್ ತಪ್ಪಾಯ್ತು?"

"ಅಲ್ ಕಣಯ್ಯ, ಅದು ರಾಕೆಟ್ಟು."

"ಅದ್ಕೂ ಬೋಣಿನೇ ಅಲ್ವಾ ಭಾವ."

ಮಾವ ಬೀದಿಗೆ ಹೋಗಿ ಎಲೆಅಡಿಕೆ ಉಗುಳಿ ಬಂದರು. ಹುಟ್ಟಾ ವರ್ತಕರು. ಲಾಭ ಎನ್ನುವುದು ನಾಚಿಕೆಗೇಡಿನ ಮಾತೆಂದು ಸ್ವಂತ ಮಂಡಿಯಲ್ಲಿ, ಲಕ್ಷ್ಮಿಯ ಪಟದೆದುರು ನಿಂತು ಹೇಳುವುದು ಅವರಿಂದಾಗುವ ಕೆಲಸವಾಗಿರಲಿಲ್ಲ. "ಕುಂತ್ಕಳ್ಲಿ ಪರೀಕ್ಸೆಗೆ. ಆದ್ರೆ ಪೇಲಾದ್ರೆ ನಾನ್ ಯಾರ್ ಮಾತೂ ಕೇಳಾಕಿಲ್ಲ" ಎಂದಷ್ಟೇ ಹೇಳಿದರು.

ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕರು ಒಂದೆರಡು ಸಣ್ಣ ಪ್ರಶ್ನೆ ಕೇಳಿ, ಕನ್ನಡಕ ಒರೆಸಿಕೊಳ್ಳುತ್ತ, ಗಾಳಿಯಿಲ್ಲದ ಕಡೆ ರಾಕೆಟ್ಟು ಏನನ್ನು ತಳ್ಳಿಕೊಂಡು ಮುಂದೆ ಹೋಗುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಾವನೇ ಕೋಟು ಹಾಕಿಕೊಂಡು ಬಂದು ಕೂತಂತಾಯಿತು. ಎರಡು ವಾಕ್ಯ ಇಂಗ್ಲಿಷಿನಲ್ಲಿ ನಡೆದೆ, ಮೂರನೆಯದು ಕೈಕೊಟ್ಟಿತು. ಹಿಂದಿನ ಸಲ ಅಲ್ಲಿಗೆ ಸುಮ್ಮನಾಗಿದ್ದೆ. ಈ ಸಲ, "ಕನ್ನಡದಲ್ಲಿ ಹೇಳಬಹುದಾ ಸಾರ್?" ಎಂದೆ.

"ಹೇಳಮ್ಮ."

ಸಾಸಿವೆ ರಾಶಿಯ ಮೇಲೆ ನಿಂತು ಮೂಟೆ ಎಸೆಯುವವನನ್ನು ನೋಡಿ ಎಂದೆ. ಮೂಟೆ ಮುಂದಕ್ಕೆ ಹೋಗುತ್ತದೆ, ಎಸೆದವನ ಕಾಲು ಹಿಂದಕ್ಕೆ ಜಾರುತ್ತದೆ. ಗಾಳಿಯನ್ನು ಅವನು ತಳ್ಳಿದ್ದಲ್ಲ, ಮೂಟೆಯನ್ನು ತಳ್ಳಿದ್ದು. ಮೂಟೆ ಅವನನ್ನು ತಳ್ಳಿತು. ರಾಕೆಟ್ಟು ತನ್ನ ಹೊಟ್ಟೆಯ ಬಿಸಿ ಅನಿಲವನ್ನು ಕೆಳಗೆ ಎಸೆಯುತ್ತದೆ, ಅದಕ್ಕೇ ತಾನು ಮೇಲಕ್ಕೆ ಹೋಗುತ್ತದೆ. ಹೇಳಿ ಮುಗಿಸಿದವಳು, ಯಾರೂ ಕೇಳದಿದ್ದರೂ, ಅದನ್ನೇ ಇನ್ನೊಮ್ಮೆ ಇಂಗ್ಲಿಷಿನಲ್ಲಿ ಹೇಳಿದೆ. ವ್ಯಾಕರಣ ಅಲ್ಲಲ್ಲಿ ಕುಂಟಿರಬೇಕು, ಆದರೆ ನಿಲ್ಲಲಿಲ್ಲ. ಪರೀಕ್ಷಕರು ಏನೋ ಗುರುತು ಹಾಕಿಕೊಂಡು, "ಮುಂದಿನವರನ್ನ ಕಳಿಸಿ" ಎಂದರು. ಹೊಗಳಲೂ ಇಲ್ಲ, ನಗಲೂ ಇಲ್ಲ. ಫಲಿತಾಂಶ ಬಂದಾಗ ನಾನು ಪಾಸಾಗಿದ್ದೆ.

ಘಟಿಕೋತ್ಸವದಲ್ಲಿ ಬಾಡಿಗೆಯ ಕಪ್ಪು ನಿಲುವಂಗಿ ತೊಟ್ಟು ಪ್ರಮಾಣಪತ್ರ ತೆಗೆದುಕೊಂಡೆ. ಅಲ್ಲಿಂದ ನೆಟ್ಟಗೆ ಮಂಡಿಗೆ ಬಂದೆ. ಆ ಹೊತ್ತಿಗೆ ಸೇರು ಹೋಗಿ ಕಿಲೋ ಬರತೊಡಗಿತ್ತು. ಅಪ್ಪ ಆ ವಯಸ್ಸಿನಲ್ಲಿ ತಕ್ಕಡಿ ಹಿಡಿಯುವುದನ್ನು ಕಲಿಯುತ್ತಿದ್ದ. ಪ್ರಮಾಣಪತ್ರ ಚಾಚಿದರೆ ಮುಟ್ಟಲಿಲ್ಲ. "ಕೈಯೆಲ್ಲಾ ಧೂಳು ಕಣವ್ವ. ಮೊದ್ಲು ನಿಮ್ಮಾವನ ಕೈಗ್ ಕೊಡು" ಎಂದ.

ಮಾವ ಎರಡೂ ಕೈಯಲ್ಲಿ ಹಿಡಿದುಕೊಂಡು, ಬೆಳಕಿಗೆ ತಿರುಗಿಸಿ, ಮೊಹರಿನ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಕೈಗೇ ಕೊಟ್ಟು, "ಇಂಗ್ಲೀಸಲ್ಲೈತೆ. ನೀನೇ ಓದು" ಎಂದರು.

ಗಿರಾಕಿಗಳಿದ್ದರು, ಮೂಟೆ ಹೊರುವವರಿದ್ದರು. ನಾನು ತಗ್ಗಿದ ದನಿಯಲ್ಲಿ ಓದತೊಡಗಿದೆ. ನನ್ನ ಹೆಸರು ಬರುವಷ್ಟರಲ್ಲಿ ಹಿಂದೆ ಬಾಗಿಲು ಕಿರುಗುಟ್ಟಿತು. ಅಷ್ಟು ವರ್ಷದಲ್ಲಿ ಗಿರಾಕಿಗಳಿರುವಾಗ ಒಮ್ಮೆಯೂ ಮಂಡಿಗೆ ಕಾಲಿಡದ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ರಾಗಿಮೂಟೆಗೆ ಒರಗಿ ನಿಂತಳು.

"ಜೋರಾಗ್ ಓದು ಕಣವ್ವ," ಎಂದಳು. "ಬೀದಿಗೂ ಕೇಳುಸ್ಲಿ."