ಅಕ್ಕ ಹೇಳಿದ್ದು, ನಾನು ಬರೆದದ್ದು

ಅವರ ಬಲಗೈಯ ತೋರುಬೆರಳಿನ ಉಗುರು ಮಾತ್ರ ಉದ್ದ. ಹೊಗೆಸೊಪ್ಪಿನ ಬಣ್ಣ ಹಿಡಿದು, ತುದಿ ತುಸು ಬಾಗಿ, ಸವೆದ ಕೊಂಬಿನ ಚೂರಿನಂತೆ ಕಾಣುತ್ತಿತ್ತು. ಸುತ್ತಿದ ಬೀಡಿಯ ಬಾಯಿ ಮಡಚಲಿಕ್ಕೆ ಆ ಉಗುರು ಬೇಕೇ ಬೇಕು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತರೆ, ಕಣ್ಣು ದಾರಿಯ ಮೇಲೆ, ಬಾಯಿ ಮಾತಿನ ಮೇಲೆ, ಕೈ ಮಾತ್ರ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಮ್ಮದು ಈಚೆಮನೆ, ಅವರದ್ದು ಆಚೆಮನೆ. ಹಾಗಾಗಿ ನನ್ನ ಪಾಲಿಗೆ ಅವರು ಆಚೆಮನೆಯ ಅಕ್ಕ.

ಬಜಪೆಯ ಗುಡ್ಡದ ಕೆಳಗೆ ನಮ್ಮ ಮನೆಗಳು. ವಿಮಾನಗಳು ನಮ್ಮ ಹಂಚಿನ ಮೇಲೆಯೇ ಹೊಟ್ಟೆ ತೋರಿಸಿಕೊಂಡು ಇಳಿಯುತ್ತವೆ. ವಿಮಾನ ಬಂತೆಂದರೆ ಅಕ್ಕ ಮಾತನ್ನು ನಡುವಿನಲ್ಲೇ ನಿಲ್ಲಿಸಿ, ಅದು ದಾಟಿದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು. "ದೊಡ್ಡವರು ಮಾತಾಡುವಾಗ ನಾವು ಸುಮ್ಮನಿರ್ಬೇಕು ಮಾಸ್ಟ್ರೇ" ಎಂದು ನಗುತ್ತಿದ್ದರು.

ನಮ್ಮ ವಾರ್ಡಿಗೆ ಸಮಿತಿ ಎಂದು ಒಂದಾದಾಗ ಅಕ್ಕನನ್ನು ಸದಸ್ಯೆ ಮಾಡಿದರು. ಶಾಲೆಯಿಂದ ನಿವೃತ್ತನಾಗಿ ಮನೆಯಲ್ಲಿದ್ದ ನನ್ನನ್ನು ನಡಾವಳಿ ಬರೆಯಲಿಕ್ಕೆ ಕೂರಿಸಿದರು. ಸಭೆ ಅಂಗನವಾಡಿಯ ಕೋಣೆಯಲ್ಲಿ. ನಮ್ಮ ಕಡೆ ಸಭೆ ನಡೆಯುವುದು ತುಳುವಿನಲ್ಲಿ, ಪುಸ್ತಕಕ್ಕೆ ಏರುವುದು ಕನ್ನಡದಲ್ಲಿ. ಎರಡರ ನಡುವೆ ದಾಟಿಸುವ ಸಂಕ, ಕಾಲುಸೇತುವೆ, ನಾನು. ನನಗೆ ಅದರ ಜಂಭವೂ ಇತ್ತೆನ್ನಿ. ಅಜ್ಜಂದಿರ ತಾಳಮದ್ದಲೆ ಕೇಳಿ ಕನ್ನಡ ಕಲಿತವನು ನಾನು. ಮೋರಿ ರಿಪೇರಿಯ ಅರ್ಜಿಯನ್ನೂ ಗಂಭೀರವಾಗಿ ಬರೆಯಬಲ್ಲೆ.

ಅಕ್ಕನಿಗೆ ಸಹಿ ಹಾಕಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಆದ್ದರಿಂದ ಅವರದ್ದೊಂದು ಕ್ರಮ. ಸಭೆ ಮುಗಿದ ಮೇಲೆ ಎಲ್ಲರೂ ಚಾ ಕುಡಿಯುವಾಗ ನನ್ನ ಬಳಿ ಬಂದು, ಆ ಉದ್ದ ಉಗುರನ್ನು ಪುಸ್ತಕದ ಮೇಲಿಟ್ಟು, "ಹೇಳಿದ್ದನ್ನು ಬರೆದಿದ್ದೀರಲ್ಲ? ಈಗ ಬರೆದದ್ದನ್ನು ಓದಿ" ಎನ್ನುವುದು. ನಾನು ಸಾಲಿನಿಂದ ಸಾಲಿಗೆ ತುಳುವಿಗೆ ತಿರುಗಿಸಿ ಓದಿ ಹೇಳಬೇಕು. ಆಮೇಲೆಯೇ ಸಹಿ.

ಒಮ್ಮೆ ಎಂಜಿನಿಯರರು ಬಂದು, ಸಂಕದ ಬಳಿಯ ದಾರಿದೀಪ ಸರಿಯಾಗಿದೆ, ವರದಿಯಲ್ಲಿ ಉಂಟು ಎಂದರು. ಅಕ್ಕ ಹೇಳಿದರು: "ಕಾಗದದಲ್ಲಿ ಉರೀತಾ ಉಂಟಾದ್ರೆ ಆ ಕಾಗದವನ್ನೇ ಕಂಬಕ್ಕೆ ಕಟ್ಟಿ ಮಾರಾಯ್ರೆ, ಬೆಳಕಾದ್ರೂ ಬರ್ಲಿ." ನಾನು ಅದನ್ನು ಒಂದಕ್ಷರ ಬಿಡದೆ ಬರೆದೆ. ಎರಡೇ ದಿನದಲ್ಲಿ ದೀಪ ಬಂತು. ಬರೆದ ಮಾತಿಗೆ ಕೆಲಸ ಮಾಡುವ ಶಕ್ತಿ ಉಂಟೆಂದು ಅಕ್ಕ ಅವತ್ತಿನಿಂದ ನಂಬಿದರು. ಬರೆಯುವ ನನ್ನನ್ನೂ ನಂಬಿದರು.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

ಹವಾಮಾನ ಕೆಡುತ್ತಿದೆ, ಸೆಕೆ ಏರುತ್ತಿದೆ, ನಗರ ತನ್ನ ಪಾಲಿನ ಮಾತು ಕೊಟ್ಟಿದೆ, ಪ್ರತಿ ವಾರ್ಡೂ ತಾನು ಏನನ್ನು ಉಳಿಸುತ್ತದೆಂದು ಬರೆದು ಕೊಡಬೇಕು ಎಂದು ಒಂದು ಸುತ್ತೋಲೆ ಬಂತು. ಅಕ್ಕ ಹೇಳಿದಂತೆ ನಾವು ಗುಡ್ಡದ ಇಳಿಜಾರನ್ನೂ ಅಲ್ಲಿನ ಒರತೆಯನ್ನೂ ಬರೆದೆವು. ಎಪ್ರಿಲಿನಲ್ಲೂ ಬತ್ತದ ಒರತೆ ಅದು. ಕೆಳಗಿನ ಹತ್ತು ಹನ್ನೆರಡು ಮನೆಗಳ ಬಾವಿಗೆ ಅದೇ ತಾಯಿ. ಎಲ್ಲರೂ ಸಹಿ ಹಾಕಿದೆವು, ಚಪ್ಪಾಳೆಯನ್ನೂ ತಟ್ಟಿದೆವು.

ಮೂರು ತಿಂಗಳೂ ಆಗಲಿಲ್ಲ, ಇನ್ನೊಂದು ಕಾಗದ ಬಂತು. ವಿಮಾನ ನಿಲ್ದಾಣ ದೊಡ್ಡದಾಗುತ್ತದೆ, ಅದಕ್ಕೆ ಹೋಗುವ ರಸ್ತೆ ಅಗಲವಾಗಬೇಕು, ತುಂಬಿಸಲು ಮಣ್ಣು ಬೇಕು, ಮಣ್ಣಿಗೆ ಅದೇ ಇಳಿಜಾರು. ವಾರ್ಡಿನ ಅಭಿಪ್ರಾಯ ತಿಳಿಸಿ ಎಂದಿತ್ತು.

ಸಭೆಯಲ್ಲಿ ಯಾರಿಗೂ ಬೇಡ ಎನ್ನಲು ಮನಸ್ಸಿರಲಿಲ್ಲ. ನಮ್ಮಲ್ಲಿ ಗಲ್ಫಿನ ನಂಟಿಲ್ಲದ ಮನೆ ಯಾವುದು? ನನ್ನ ಮಗಳೇ ಅಲ್ಲಿದ್ದಾಳೆ. ಕೈಗೂಸನ್ನು ಎತ್ತಿಕೊಂಡು ಮುಂಬಯಿಯಲ್ಲಿ ವಿಮಾನ ಬದಲಿಸಿ ಬರುವಾಗ ಅರ್ಧ ಜೀವ ಆಗಿರುತ್ತಾಳೆ; ನಿಲ್ದಾಣ ದೊಡ್ಡದಾದರೆ ನೇರ ಇಲ್ಲಿಗೇ ಇಳಿಯಬಹುದು. ಆಗ ಅಕ್ಕ ಎದ್ದು ನಿಂತರು. ಅವರು ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡ ಮಾಡುತ್ತಿದ್ದೇನೆ:

"ವಿಮಾನ ಬೇಡ ಅಂತ ನಾನು ಹೇಳುದಿಲ್ಲ. ನನ್ನ ಗಂಡ ದುಬಾಯಿಯಿಂದ ಪೆಟ್ಟಿಗೆಯಲ್ಲಿ ಬಂದದ್ದು ಇಲ್ಲಿಗೇ. ಅದು ಇಲ್ಲದಿದ್ರೆ ನನಗೆ ಅವರ ಮುಖ ನೋಡ್ಲಿಕ್ಕೂ ಸಿಕ್ತಿರ್ಲಿಲ್ಲ. ಆದ್ರೆ ಈ ಗುಡ್ಡ ಉಳಿಸ್ತೇವೆ ಅಂತ ಮೊನ್ನೆ ಬರೆದು ಕೊಟ್ಟದ್ದು ನಾವೇ ಅಲ್ವಾ? ಇವತ್ತು ಅದೇ ಕೈಯಲ್ಲಿ ಕೊಟ್ಟುಬಿಡುದಾ? ಮಣ್ಣು ಬೇಕಾದ್ರೆ ಒರತೆಯ ಕಡೆ ಬಿಟ್ಟು ತೆಗೀಲಿ. ಬಿಡುದಿಲ್ಲಾಂತಾದ್ರೆ ನಾನು ಒಪ್ಪುದಿಲ್ಲ. ನನ್ನ ಹೆಸರು ಹಾಕಿಯೇ ಬರೀರಿ."

ಚಾದ ಹೊತ್ತಿಗೆ ಸಮಿತಿಯ ಅಧ್ಯಕ್ಷರು ನನ್ನ ಹೆಗಲಿಗೆ ಕೈ ಹಾಕಿ ಕಿಟಕಿಯ ಬದಿಗೆ ಕರೆದೊಯ್ದರು. "ಮಾಸ್ಟ್ರೇ, ಅದನ್ನೆಲ್ಲ ಹಾಗೆಯೇ ಬರೆದ್ರೆ ಫೈಲು ವಾಪಸ್ ಬರ್ತದೆ. ನಿಮ್ಮ ಕನ್ನಡ ಉಂಟಲ್ಲ, ಎರಡು ಸಾಲಲ್ಲಿ ಚಂದ ಮಾಡಿ."

ಚಂದ ಮಾಡಿದೆ. "ಪರಿಸರ ಸಂರಕ್ಷಣೆಯ ಕುರಿತು ಸದಸ್ಯೆಯೊಬ್ಬರು ವ್ಯಕ್ತಪಡಿಸಿದ ಸದಾಶಯವನ್ನು ಗಮನದಲ್ಲಿರಿಸಿಕೊಂಡು, ಸಭೆಯು ಪ್ರಸ್ತಾವನೆಗೆ ಸರ್ವಾನುಮತದ ಸಮ್ಮತಿ ಸೂಚಿಸಿತು." ಬರೆಯುವಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ವಾಕ್ಯದ ಓಟ ನನಗೆ ಇಷ್ಟವೂ ಆಯಿತು.

ಅಕ್ಕ ಬಂದು ಉಗುರನ್ನು ಪುಟದ ಮೇಲಿಟ್ಟರು. "ಓದಿ."

ಆಗಲಾದರೂ ನಾಲಗೆ ತಡೆಯಬಹುದಿತ್ತು. ತಡೆಯಲಿಲ್ಲ. ನನ್ನ ಬೆರಳು ಆ ಚಂದದ ವಾಕ್ಯದ ಮೇಲೆ ಹೋಗುತ್ತಿತ್ತು. ಬಾಯಿ ಅಕ್ಕ ಹೇಳಿದ್ದನ್ನೇ ಹೇಳುತ್ತಿತ್ತು. ಪೆಟ್ಟಿಗೆ, ಗಂಡನ ಮುಖ, ಒರತೆ, ಒಪ್ಪುದಿಲ್ಲ, ಎಲ್ಲ. ಎರಡು ಸಾಲಿನಲ್ಲಿ ಅಷ್ಟು ಮಾತು ಹಿಡಿಯುವುದಿಲ್ಲವೆಂದು ಬೆರಳನ್ನು ನಿಧಾನ ಮಾಡಿದೆ. ಅಕ್ಕನ ಮುಖ ಅರಳಿತು. "ಎಷ್ಟು ಚಂದ ಬರೆದಿದ್ದೀರಿ! ಒಂದು ಮಾತು ಬಿಡ್ಲಿಲ್ಲ" ಎಂದು ಸಹಿ ಹಾಕಿದರು.

ಮುಂದಿನ ಮಳೆಗಾಲಕ್ಕೆ ಇಳಿಜಾರು ಇರಲಿಲ್ಲ. ಒರತೆಯ ಬಾಯಿ ಮಣ್ಣಿನಡಿ ಮುಚ್ಚಿತು, ಬಾವಿಗಳಿಗೆ ಕೆಂಪು ನೀರು ಇಳಿಯಿತು. ಅಕ್ಕ ಮಾತ್ರ ಧೈರ್ಯದಲ್ಲಿದ್ದರು. "ನಾನು ಒಪ್ಪಲಿಲ್ಲ ಅಂತ ಪುಸ್ತಕದಲ್ಲಿ ಉಂಟಲ್ಲ. ಬನ್ನಿ ಮಾಸ್ಟ್ರೇ, ಓದ್ಲಿಕ್ಕೆ ನೀವು ಬೇಕು" ಎಂದು ನನ್ನನ್ನು ನಗರದ ಕಚೇರಿಗೆ ಹೊರಡಿಸಿದರು. ಹೊಟ್ಟೆನೋವಿನ ನೆಪ ಹುಡುಕುತ್ತಲೇ ನಾನು ಬಸ್ಸು ಹತ್ತಿದೆ.

ಅಧಿಕಾರಿ ಚಿಕ್ಕ ಪ್ರಾಯದ ಹೆಂಗಸು, ಒಳ್ಳೆಯವಳು. ಅಕ್ಕನನ್ನು ಕೂರಿಸಿ, ಪುಸ್ತಕ ತರಿಸಿ, ತಾನೇ ಗಟ್ಟಿಯಾಗಿ ಓದಿದಳು. ಅಕ್ಕನಿಗೆ ಕೇಳಿದ ಕನ್ನಡ ಅರ್ಥವಾಗುತ್ತಿತ್ತು. "ಒಬ್ಬರದ್ದಾದ್ರೂ ಅಸಮ್ಮತಿ ಬರೆದಿದ್ರೆ ನಾನು ಪರಿಶೀಲನೆಗೆ ಕಳಿಸ್ಬಹುದಿತ್ತು ಅಮ್ಮ. ಇದರಲ್ಲಿ ಸರ್ವಾನುಮತ ಅಂತ ಉಂಟು" ಎಂದಳು.

ಅಕ್ಕ ನನ್ನ ಕಡೆ ತಿರುಗಿ ನೋಡಿದರು. ಸಿಟ್ಟಿನ ನೋಟವಾಗಿದ್ದರೆ ತಾಳಿಕೊಳ್ಳುತ್ತಿದ್ದೆ. ನಾನು ಹೇಳಲಿ ಎಂದು ಕಾಯುವ ನೋಟ ಅದು. ನಾನು ಮೇಜಿನ ಮೇಲಿನ ಗಾಜಿನ ಪೇಪರ್‌ವೇಟನ್ನೇ ನೋಡುತ್ತಾ ಕೂತೆ. ಕೊನೆಗೆ ಅಕ್ಕ ಅಂದರು: "ಹಾಗಾದ್ರೆ ನನಗೇ ನೆನಪು ತಪ್ಪಿದ್ದಿರ್ಬೇಕು ಮೇಡಂ. ಪ್ರಾಯ ಆಯ್ತಲ್ಲ. ಇದರದ್ದೊಂದು ಜೆರಾಕ್ಸ್ ಕೊಡ್ತೀರಾ?"

ವಾಪಸು ಬರುವಾಗ ನಂತೂರಿನಲ್ಲಿ ಬಸ್ಸು ಲಾರಿಗಳ ನಡುವೆ ಸಿಕ್ಕಿ ನಿಂತಿತು. ಅಕ್ಕ ಒಂದೇ ಒಂದು ಮಾತು ಕೇಳಿದರು. "ಮಗಳು ಬರುದು ಯಾವಾಗ ಮಾಸ್ಟ್ರೇ?"

ಆಮೇಲೆ ಅವರು ನನ್ನ ಬಳಿ ಏನನ್ನೂ ಓದಿಸಲಿಲ್ಲ. ಒಂದು ದಿನ ನೋಡಿದರೆ ಅಂಗನವಾಡಿಯ ಟೀಚರಮ್ಮನ ಪಕ್ಕ ಸ್ಲೇಟು ಹಿಡಿದು ಕೂತಿದ್ದಾರೆ. ಎಪ್ಪತ್ತು ದಾಟಿದ ಪ್ರಾಯದಲ್ಲಿ! ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವನು ನಾನು, ಮಾರುದೂರದಲ್ಲಿದ್ದವರಿಗೆ ಕಲಿಸಬೇಕೆಂದು ಒಮ್ಮೆಯೂ ತೋಚಿರಲಿಲ್ಲ. "ನಾನೇ ಹೇಳಿಕೊಡ್ತಿದ್ದೆನಲ್ಲ ಅಕ್ಕ" ಎಂದೆ, ನಾಚಿಕೆ ಇಲ್ಲದೆ.

"ನಿಮಗೆ ಯಾಕೆ ತೊಂದರೆ" ಎಂದು ನಕ್ಕರು. ಆ ನಗುವಿನಲ್ಲಿ ವಿಷ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಹೋದ ವರ್ಷ ಜ್ವರ ಬಂತು. ಕಂಕನಾಡಿಯ ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದು ತೀರಿಕೊಂಡರು. ಉತ್ತರಕ್ರಿಯೆ ಮುಗಿದ ಮರುದಿನ ಅವರ ಸೊಸೆ ನನ್ನನ್ನು ಜಗಲಿಗೆ ಕರೆದು, ದಿಂಬಿನಡಿಯಲ್ಲಿ ಸಿಕ್ಕಿತೆಂದು ಮಡಚಿದ ಒಂದು ಕಾಗದ ಕೊಟ್ಟಳು. ಅದೇ ಜೆರಾಕ್ಸ್. ಆ ವಾಕ್ಯದಲ್ಲಿ 'ಪರಿಸರ' ಎಂಬುದರ ನಾಲ್ಕು ಅಕ್ಷರಗಳ ಅಡಿಯಲ್ಲೂ ಪೆನ್ಸಿಲಿನ ಒಂದೊಂದು ಚುಕ್ಕಿ. ಮುಂದಿನ ಪದದಲ್ಲಿ 'ಸಂ', 'ರ'. ಅಲ್ಲಿಗೆ ಚುಕ್ಕಿ ನಿಂತಿತ್ತು. ಒತ್ತಕ್ಷರ ಅವರಿನ್ನೂ ಕಲಿತಿರಲಿಲ್ಲ. ನನ್ನ ವಾಕ್ಯದ ತುಂಬ ಇದ್ದದ್ದು ಒತ್ತಕ್ಷರವೇ.

ಸೊಸೆ ಪಿಯುಸಿ ಓದಿದವಳು. ಕೇಳಿದ್ದರೆ ಒಂದು ನಿಮಿಷದಲ್ಲಿ ಓದಿ ಹೇಳುತ್ತಿದ್ದಳು. ಅಕ್ಕ ಅವಳಿಗೆ ತೋರಿಸಿರಲೇ ಇಲ್ಲ. ಯಾರ ಮಾನ ಕಾಯಲಿಕ್ಕೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

"ಅತ್ತೆ ಮೀಟಿಂಗಲ್ಲಿ ಗಟ್ಟಿ ಮಾತಾಡಿದ್ರು ಅಂತ ಎಲ್ರೂ ಹೇಳ್ತಾರೆ" ಎಂದಳು. "ಇದರಲ್ಲಿ ಅವರ ಮಾತು ಎಲ್ಲಿ ಉಂಟು ಮಾಸ್ಟ್ರೇ? ನನಗೆ ಸಿಕ್ಲಿಲ್ಲ."

"ಇಲ್ಲ ಮಗ" ಎಂದೆ. "ಅವರು ಹೇಳಿದ್ದರು. ನಾನು ಬರೆಯಲಿಲ್ಲ. ಬರೆದಿದ್ದೇನೆಂದು ಅವರಿಗೆ ಸುಳ್ಳು ಓದಿ ಹೇಳಿದೆ."

ಅವಳು ಒಳಗೆ ಹೋಗಿ ಪೆನ್ನು ತಂದು, ಕಾಗದದ ಖಾಲಿ ಬೆನ್ನನ್ನು ಮೇಲೆ ಮಾಡಿ ನನ್ನ ಮುಂದಿಟ್ಟಳು. "ಈಗ ಬರೀರಿ" ಎಂದಳು.

ಅಕ್ಕ ಅಂದದ್ದನ್ನು ಅಂದ ಹಾಗೆಯೇ ಬರೆದೆ, ಅವರ ಹೆಸರು ಹಾಕಿಯೇ ಬರೆದೆ. ಅದರಿಂದ ಗುಡ್ಡ ಬರುವುದಿಲ್ಲ, ಒರತೆ ಬರುವುದಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಮುಗಿಸಿ, ಹಳೆಯ ಅಭ್ಯಾಸದಿಂದ, ಓದಿ ಹೇಳಲು ಬಾಯಿ ತೆರೆದೆ.

ಸೊಸೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಓದಿದಳು.