ಹುಳಿಮಾವಿನ ಎರಡು ಶೆಡ್ಡುಗಳು

ಎಂಬತ್ತರ ದಶಕದ ಆರಂಭ. ಪಶುವೈದ್ಯೆಯಾದ ನಾನು ಕೋಳಿಗಳಿಗೆ ಲಸಿಕೆ ತಯಾರಿಸುವ ಪ್ರಯೋಗಾಲಯವೊಂದರಲ್ಲಿ ವೈರಸ್ ವಿಭಾಗದ ಹೊಣೆ ಹೊತ್ತಿದ್ದೆ. ಬನ್ನೇರುಘಟ್ಟ ರಸ್ತೆಯ ಆಚೀಚೆ ಕೋಳಿ ಫಾರಂಗಳು ತಲೆಯೆತ್ತುತ್ತಿದ್ದ ಕಾಲವದು. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್‌ಗೆ, ಲಸಿಕೆ ಹಾಕಿಸಿದ್ದ ಕೋಳಿಗಳೂ ಕೆಮ್ಮುತ್ತಿದ್ದವು, ಸೊಟ್ಟಪಟ್ಟ ಮೊಟ್ಟೆ ಇಡುತ್ತಿದ್ದವು. ಆ ಕೋಳಿಗಳ ಗಂಟಲ ದ್ರವದ ಮಾದರಿಯನ್ನು ಮೊಟ್ಟೆಗಳಿಗೆ ಚುಚ್ಚಿ ನೋಡಿದಾಗ ಒಳಗಿನ ಭ್ರೂಣಗಳು ಕುಗ್ಗಿ ಮುದುಡಿಕೊಂಡಿದ್ದವು. ಇದು ಬೇರೆಯೇ ವೈರಸ್, ಕೋಳಿಗಳ ಶ್ವಾಸನಾಳಕ್ಕೆ ತಗಲುವ ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಎಂಬುದು ಖಚಿತವಾಯಿತು.

ವೈರಸ್ಸನ್ನು ಒಂದು ಮೊಟ್ಟೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋದರೆ ಅದರ ಉಗ್ರತೆ ಇಳಿಯುತ್ತದೆ. ಇದಕ್ಕೆ ಪ್ಯಾಸೇಜ್ ಎನ್ನುತ್ತೇವೆ. ಅತಿಯಾಗಿ ಇಳಿದರೆ ರಕ್ಷಣೆ ಸಿಗದು, ಸಾಲದಾದರೆ ಲಸಿಕೆಯೇ ರೋಗ ತರುತ್ತದೆ. ಆ ಹದ ಹುಡುಕುವುದಕ್ಕೆ ವರ್ಷಗಳೇ ಹಿಡಿದವು. ಪ್ರಯೋಗಾಲಯದ ಕೋಳಿಗಳಲ್ಲಿ ಲಸಿಕೆ ಗೆದ್ದಿತು. ಫಾರಂನಲ್ಲಿ ಗೆಲ್ಲುವುದು ಬಾಕಿಯಿತ್ತು.

ಹುಳಿಮಾವು ಕೆರೆಯ ಹತ್ತಿರ ರುದ್ರಮ್ಮನವರ ಫಾರಂ. ಯಜಮಾನರು ಪೇಟೆಯಲ್ಲಿ ಜವಳಿ ಅಂಗಡಿ ನಡೆಸುತ್ತಿದ್ದರೆ, ಎರಡು ಶೆಡ್ಡುಗಳ ಕೋಳಿ ಸಾಕಣೆ ಪೂರಾ ಈಕೆಯದು. ಪರೀಕ್ಷೆಗೆಂದು ಒಂದು ಶೆಡ್ಡಿಗೆ ಮಾತ್ರ ಲಸಿಕೆ, ಇನ್ನೊಂದಕ್ಕಿಲ್ಲ ಎಂದೆ.

"ಬಿಟ್ಟ ಕೋಳಿಗಳೂ ನಮ್ಮವೇ ಅಲ್ವಾ ಮೇಡಂ? ಅವಕ್ಯಾಕೆ ಇಲ್ಲ?"

"ಎರಡಕ್ಕೂ ಹಾಕಿದ್ರೆ, ಲಸಿಕೆಯಿಂದ ಉಳಿದ್ವೋ ರೋಗ ಬರದೇ ಉಳಿದ್ವೋ ಗೊತ್ತಾಗಲ್ಲ ರುದ್ರಮ್ಮ."

ಅವರು ಎರಡೂ ಶೆಡ್ಡುಗಳ ಕಡೆ ಒಮ್ಮೆ ತಿರುಗಿ ನೋಡಿದರು. ಕೊನೆಗೆ, "ಯಾವ ಶೆಡ್ಡು ಅಂತ ಆರಿಸೋಕೆ ನಂಗಾಗಲ್ಲ. ಚೀಟಿ ಎತ್ತಿ," ಎಂದರು. ಲಸಿಕೆಯ ಚೀಟಿ ಕೆರೆ ಕಡೆಯ ಶೆಡ್ಡಿಗೆ ಬಂತು, ರಸ್ತೆ ಕಡೆಯದು ಹಾಗೇ ಉಳಿಯಿತು. ಸೋಂಕು ದಾಟಬಾರದೆಂದು ಎರಡಕ್ಕೂ ಬೇರೆಬೇರೆ ಆಳುಗಳನ್ನು ಇಟ್ಟೆವು.

ಕೆಲವು ವಾರಗಳಲ್ಲಿ ಪಕ್ಕದ ಅರೆಕೆರೆಯಲ್ಲಿ ರೋಗ ಎದ್ದಿತು. ಅದರ ಬೆನ್ನಿಗೇ ರುದ್ರಮ್ಮನವರಿಂದ ಫೋನ್: "ಬೇಗ ಬನ್ನಿ ಮೇಡಂ, ರಸ್ತೆ ಕಡೆ ಶೆಡ್ಡಲ್ಲಿ ಕೆಮ್ಮು ಶುರುವಾಗಿದೆ."

ಆರೋಗ್ಯವಾಗಿರುವ ಹಿಂಡನ್ನು ಮೊದಲು ನೋಡುವುದು ನಮ್ಮ ನಿಯಮ. ಬೂಟು ತೊಳೆದು ಕೆರೆ ಕಡೆಯ ಶೆಡ್ಡಿಗೆ ಹೋದೆ. ಮೆಲ್ಲಗೆ ಸಿಳ್ಳೆ ಹಾಕಿದರೆ ಕೋಳಿಗಳು ಗದ್ದಲ ನಿಲ್ಲಿಸಿ ಒಂದು ಕ್ಷಣ ಕಿವಿಗೊಡುತ್ತವೆ. ಉಸಿರಾಟ ಕೇಳಿಸುವುದು ಆಗಲೇ. ಸಿಳ್ಳೆ ಹಾಕಿದೆ. ನಿಶ್ಶಬ್ದ. ನನಗೆ ನಂಬಿಕೆ ಬಾರದೆ ಶೆಡ್ಡಿನ ಆ ತುದಿಗೆ ನಡೆದು ಮತ್ತೆ ಹಾಕಿದೆ. ಆಗಲೂ ಒಂದು ಗೊರಕೆಯಿಲ್ಲ, ಸೀನಿಲ್ಲ. ರಸ್ತೆ ಕಡೆಯ ಶೆಡ್ಡಿನಲ್ಲಿ ಸಿಳ್ಳೆ ನಿಲ್ಲುವ ಮುಂಚೆಯೇ ಗೊರಗೊರ ಸದ್ದು ತುಂಬಿಕೊಂಡಿತು.

ಹೊರಗೆ ಬಂದಾಗ ನನ್ನ ಮುಖದ ಮೇಲೆ ಹೆಮ್ಮೆ ಕಾಣುತ್ತಿತ್ತೇನೋ. ಎದುರಿಗೆ ರುದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಕೆರೆ ಕಡೆ ಶೆಡ್ಡು?"

"ಒಂದಕ್ಕೂ ಏನೂ ಆಗಿಲ್ಲ."

"ಹಂಗಾದ್ರೆ ಗೆದ್ವಿ ಅನ್ನಿ," ಎಂದು ಮೂಗೆಳೆದುಕೊಂಡೇ ನಕ್ಕರು.

ಬೇರೆ ಫಾರಂಗಳಲ್ಲೂ ಅದೇ ಫಲಿತಾಂಶ ಬಂದ ಮೇಲೆ ಲಸಿಕೆಗೆ ಒಪ್ಪಿಗೆ ಸಿಕ್ಕಿತು. ಮೊದಲ ಬ್ಯಾಚಿನ ಸೀಸೆಗಳನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ನಾನೇ ಹುಳಿಮಾವಿಗೆ ಒಯ್ದೆ. ಲಸಿಕೆ ಮಾಡಿದವರು ಯಾರೆಂದು ಕೇಳಿದವರಿಗೆಲ್ಲ ನಮ್ಮ ವಿಭಾಗದ ಹೆಸರು ಹೇಳಿದ್ದೇನೆ, ಈಗಲೂ ಎದೆಯುಬ್ಬಿಸಿಯೇ ಹೇಳುತ್ತೇನೆ. ಆದರೆ ಗೆದ್ದೆವು ಎನ್ನುವಾಗ ರುದ್ರಮ್ಮ ಬಳಸಿದ ಬಹುವಚನ ಸರಿಯಾಗಿತ್ತು. ನಾವು ಮೊಟ್ಟೆಯೊಳಗೆ ಬೆಳೆಸಿದ್ದು ಪಳಗಿದ ವೈರಸ್ಸನ್ನು ಮಾತ್ರ. ಅದನ್ನು ಲಸಿಕೆಯಾಗಿಸಿದ್ದು, ಒಂದು ಶೆಡ್ಡನ್ನು ಹಾಗೇ ಬಿಡಲು ಒಪ್ಪಿದ ಆ ಹೆಂಗಸಿನ ಧೈರ್ಯ.