ಅಪ್ಪ ಹಾಕಿದ ಜಡೆ

ನಾನು ಅಪ್ಪನ ಸೊಂಟದ ಎತ್ತರಕ್ಕೂ ಬಾರದಷ್ಟು ಚಿಕ್ಕವನಿದ್ದಾಗ ನಮ್ಮವ್ವ ಜ್ವರ ಬಂದು ತೀರಿಕೊಂಡಳು. ಮಾನ್ವಿ ಹತ್ತಿರದ ಬಾಗಲವಾಡದ ಆ ಸಣ್ಣ ಮನೆಯಲ್ಲಿ ಉಳಿದವರು ಅಪ್ಪ, ಅಜ್ಜಿ, ಅಕ್ಕ ಮತ್ತು ನಾನು. ಅಪ್ಪ ಪುಂಡಿ ಗಿಡದ ನಾರಿನಿಂದ ಎತ್ತುಗಳಿಗೆ ಹಗ್ಗ ಹೊಸೆಯುತ್ತಿದ್ದ. ಮೊದಲೇ ಮಾತು ಕಡಿಮೆ. ಅವ್ವ ಹೋದ ಮೇಲೆ ಅದೂ ನಿಂತಿತು. ಮನೆ ತುಂಬ ನೆನೆಹಾಕಿದ ನಾರಿನ ಕೊಳೆತ ವಾಸನೆಯೊಂದೇ.

ಅಕ್ಕನಿಗೆ ಸೊಂಟ ಮುಟ್ಟುವ ಕೂದಲು. ಅವ್ವ ದಿನಾ ಎಣ್ಣೆ ಹಚ್ಚಿ ಹೆಣೆಯುತ್ತಿದ್ದಳು. ಈಗ ತಿಂಗಳಾದರೂ ಯಾರೂ ಬಾಚಿರಲಿಲ್ಲ. ಸಿಕ್ಕುಗಟ್ಟಿತು, ಹೇನಾದವು. ಅಕ್ಕ ಶಾಲೆ ಬಿಟ್ಟು ಮೂಲೆ ಹಿಡಿದಳು.

ಒಂದು ಬೆಳಗ್ಗೆ ಅಜ್ಜಿ ಅಪ್ಪನಿಗೆ ಅಂದಳು: "ಲೇ ಯಪ್ಪಾ, ನನ್ನ ಕೈ ನಡುಗತಾವ. ದಿನಾ ಯಾರು ಬಾಚಬೇಕು? ಕತ್ತರಿಸಿ ಒಗದುಬಿಡು."

ಅಕ್ಕ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. "ಒಲ್ಲೆ! ಅವ್ವ ಬೆಳಿಸಿದ್ದದು!"

ಅಪ್ಪ ಅಕ್ಕನನ್ನು ಹೊಸ್ತಿಲ ಬಳಿ ಕೂಡಿಸಿ, ಅತ್ತರೂ ಬಿಡದೆ ಸಿಕ್ಕು ಬಾಚಿದ. ಆದರೆ ಅವನಿಗೆ ಗೊತ್ತಿದ್ದದ್ದು ಹಗ್ಗದ ಕೆಲಸ ಮಾತ್ರ. ನಾರಿಗೆ ಮಾಡುವಂತೆ ನೀರು ಚಿಮುಕಿಸಿ, ಒಂದೊಂದು ಎಳೆಯನ್ನೂ ತಿರುವಿ, ಜಗ್ಗಿ ಜಗ್ಗಿ ಹೆಣೆದ. ತುದಿಗೆ ಎತ್ತಿನ ಕೊರಳಿಗೆ ಹಾಕುವ ಗಂಟನ್ನೇ ಬಿಗಿದ. ಆ ಬಿಗಿತಕ್ಕೆ ಅಕ್ಕನ ಹುಬ್ಬುಗಳು ಮೇಲಕ್ಕೆ ಹೋಗಿ ನಿಂತವು. ಆದರೂ ನನ್ನ ಕೈ ಹಿಡಿದು ಶಾಲೆಗೆ ನಡೆದಳು.

ಅಲ್ಲಿ ಹುಡುಗಿಯರು ಸುತ್ತುವರಿದರು. "ಏ, ಇಕೀನ ಯಾವ ಗೂಟಕ್ಕ ಕಟ್ಟೋಣು?" ಒಬ್ಬಳು ಜಡೆ ಹಿಡಿದು "ಹೊಯ್, ಹೊಯ್" ಎಂದು ಎತ್ತು ಹೊಡೆದಂತೆ ಮಾಡಿದಳು. ಅಕ್ಕ ಕೊಸರಿಕೊಂಡು ಮನೆಗೆ ಓಡಿದಳು.

ಗಂಟು ಬಿಚ್ಚಹೋದರೆ ಒಣಗಿ ಕಲ್ಲಾಗಿತ್ತು. ಅಜ್ಜಿ ಕತ್ತರಿ ತಂದಿಟ್ಟಳು. "ಸಾಕಪಾ, ಇನ್ನೇನ್ ನೋಡ್ತಿ?"

ಅಪ್ಪ ಕತ್ತರಿಯನ್ನು ಕಾಲಿನಿಂದ ಅತ್ತ ಸರಿಸಿದ. ಚೀಲ ಹೊಲಿಯುವ ದಬ್ಬಣದ ಮೊನೆಯಿಂದ ಒಂದೊಂದೇ ಕೂದಲು ಬಿಡಿಸತೊಡಗಿದ. ಹಗ್ಗ ಒಯ್ಯಲು ಬಂದವರನ್ನು ತಲೆ ಎತ್ತಿ ನೋಡಲೂ ಇಲ್ಲ. ಬಿಸಿಲು ಹೊಸ್ತಿಲು ದಾಟಿ ಗೋಡೆ ಏರಿತು. ಒಡೆದ ಬೆರಳುಗಳಿಗೆ ಕೂದಲು ಸಿಕ್ಕಿ ಸಿಕ್ಕಿ ಬರುತ್ತಿತ್ತು. ಒಮ್ಮೆ ಅಕ್ಕ ಮುಲುಗಿದಳು. ಅಪ್ಪನ ಕೈ ನಿಂತಿತು.

"ನೋವಾತೇನ್ ಯವ್ವಾ?"

ಆ ತಿಂಗಳಲ್ಲಿ ನಾನು ಕೇಳಿದ ಅವನ ಮೊದಲ ಮಾತು ಅದು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಕಣ್ಣೀರು ಮಾತ್ರ ಇಳಿಯುತ್ತಿತ್ತು. ಹೊತ್ತು ಮುಳುಗುವಾಗ ಗಂಟು ಬಿಚ್ಚಿತು.

ಮರುದಿನ ಅಪ್ಪ ಕಂಬಕ್ಕೆ ನಾರು ಕಟ್ಟಿ, ಜಡೆಯ ಹಾಗೆ ಸಡಿಲಾಗಿ ಹೆಣೆಯುವುದು, ಬಿಚ್ಚುವುದು, ಮತ್ತೆ ಹೆಣೆಯುವುದು ಮಾಡುತ್ತ ಕೂತಿದ್ದ. ಎಂಟು ದಿನಕ್ಕೆ ಅಕ್ಕ ತಾನಾಗಿಯೇ ಹೋಗಿ ಅವನಿಗೆ ಬೆನ್ನು ಮಾಡಿ ಕೂತಳು. ಅವಳು ಮದುವೆಯಾಗಿ ದೇವದುರ್ಗಕ್ಕೆ ಹೋದ ದಿನದ ಜಡೆಯೂ ಅಪ್ಪ ಹಾಕಿದ್ದೇ.

ಮಕ್ಕಳೇ, ನೀವು ರಾಯಚೂರಿನಿಂದ ಫೋನಿನಲ್ಲಿ ಮುಖ ತೋರಿಸಿ "ಲವ್ ಯೂ ತಾತಾ" ಅಂತೀರಲ್ಲ, ನನಗೆ ಖುಷಿ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ. ಓಣಿಯವರಿಗೆಲ್ಲ ಹೇಳಿಕೊಂಡು ಬರುತ್ತೇನೆ. ನಮ್ಮ ಮನೆಯಲ್ಲಿ ಅಂಥ ಮಾತನ್ನು ಯಾರೂ ಯಾರಿಗೂ ಹೇಳಿದವರಲ್ಲ. ಅಪ್ಪ ನಮಗೆ ಹೇಳಲಿಲ್ಲ. ಹೇಳದೆಯೂ ನಮಗೆ ತಿಳಿದಿತ್ತು. ನಾವೂ ಅಪ್ಪನಿಗೆ ಹೇಳಲಿಲ್ಲ. ಅವನಿಗೆ ತಿಳಿದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.